ಖರ್ಚು ಯಾವ ವರ್ಷದ ಲೆಕ್ಕಕ್ಕೆ?

ದೀಪಾವಳಿಯ ಸಂಜೆ ಉಡುಪಿಯ ಹಳೆಯ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ ನಡೆಯುವಾಗ, ದೇವಿಯ ಪಟದ ಮುಂದೆ ಹೊಸ ಲೆಕ್ಕದ ಪುಸ್ತಕವನ್ನಿರಿಸಿ, ಅದರ ಮೊದಲ ಹಾಳೆಗೆ ಅರಿಶಿನ ಕುಂಕುಮಗಳನ್ನು ಹಚ್ಚಿ ಶ್ರೀಕಾರವನ್ನು ಬರೆಯುವ ಸಂಪ್ರದಾಯವು ಇಂದಿಗೂ ಉಳಿದುಬಂದಿದೆ. ಗಣಕಯಂತ್ರವು ಕಿರ್ದಿ ಖಾತೆಗಳ ಸ್ಥಾನವನ್ನಾಕ್ರಮಿಸಿದ ಮೇಲೆಯೂ ಪೂಜೆಗೋಸ್ಕರ ಒಂದು ಪುಸ್ತಕವನ್ನು ಕೊಂಡು ತರುವ ವರ್ತಕರಿದ್ದಾರೆ. ಇಂದು ಅದು ಕೇವಲ ಮಂಗಳಾಚರಣೆಯಾಗಿ ಕಂಡರೂ, ಒಂದು ಕಾಲದಲ್ಲಿ ಅದಕ್ಕೆ ಶಾಸನದ ಮಾನ್ಯತೆಯೂ ಇದ್ದಿತು. ದೀಪಾವಳಿಯಿಂದ ದೀಪಾವಳಿಗೆ ಲೆಕ್ಕವನ್ನಿಡುತ್ತಿದ್ದ ವರ್ತಕನು ಆ ಸಂವತ್ಸರವನ್ನೇ ತನ್ನ ಆದಾಯ ತೆರಿಗೆಯ ವರ್ಷವೆಂದು ತೋರಿಸಬಹುದಾಗಿತ್ತು. ಯುಗಾದಿಯಿಂದ ಯುಗಾದಿಗೆ ಇಡುತ್ತಿದ್ದವನಿಗೂ, ಜನವರಿಯಿಂದ ಡಿಸೆಂಬರಿಗೆ ಇಡುತ್ತಿದ್ದವನಿಗೂ ಅದೇ ಸ್ವಾತಂತ್ರ್ಯವಿದ್ದಿತು. 1989-90ರ ಮೌಲ್ಯಮಾಪನ ವರ್ಷದಿಂದ ಮೊದಲ್ಗೊಂಡು ಆ ಸ್ವಾತಂತ್ರ್ಯವು ಕೊನೆಗೊಂಡು, ದೇಶದ ಸಮಸ್ತ ವರ್ತಕರಿಗೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಒಂದೇ ವರ್ಷವು ವಿಧಿಸಲ್ಪಟ್ಟಿತು.

ಕರಾವಳಿಯ ಬದುಕಾದರೋ ಒಂದೇ ಪಂಚಾಂಗವನ್ನು ಅನುಸರಿಸಿದುದಲ್ಲ. ಕೃಷಿಕನ ವರ್ಷವು ಬಿಸುವಿನಂದು ತೊಡಗುತ್ತದೆ. ಮಲ್ಪೆ ಬಂದರಿನ ಯಾಂತ್ರಿಕ ಬೋಟುಗಳು ಜೂನ್, ಜುಲೈ ತಿಂಗಳುಗಳ ನಿಷೇಧವು ಮುಗಿದ ಮೇಲೆ ಆಗಸ್ಟಿನಲ್ಲಿ ಕಡಲಿಗಿಳಿದು ಮೇ ಕೊನೆಯವರೆಗೆ ದುಡಿಯುವುದರಿಂದ ಮೀನುಗಾರನ ವರ್ಷವು ಹತ್ತು ತಿಂಗಳಿನದು. ಕೃಷ್ಣಮಠದ ಪರ್ಯಾಯವಂತೂ ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಬದಲಾಗುತ್ತದೆ. ಗೇರುಬೀಜದ ಕಾರ್ಖಾನೆಯವನ ಖರೀದಿಯು ಫೆಬ್ರವರಿಯಿಂದ ಮೇ ತಿಂಗಳವರೆಗೆ, ಅಂದರೆ ಮಾರ್ಚ್ 31ರ ಗೆರೆಯ ಇಕ್ಕೆಲಗಳಲ್ಲೂ, ಹರಡಿಕೊಂಡಿರುತ್ತದೆ. ಹೀಗೆ ತಮ್ಮ ತಮ್ಮ ಸಹಜಗತಿಯಲ್ಲಿ ಸಾಗುವ ಉದ್ಯಮಗಳೆಲ್ಲವನ್ನೂ ಒಂದೇ ದಿನದಂದು ತುಂಡರಿಸಿ ಲಾಭವೆಷ್ಟೆಂದು ಕೇಳುವಾಗ, ತುಂಡಿನ ಈಚೆಗೆ ಯಾವ ಖರ್ಚು ನಿಲ್ಲುತ್ತದೆ, ಆಚೆಗೆ ಯಾವುದು ಸರಿಯುತ್ತದೆ ಎಂಬ ಪ್ರಶ್ನೆಯು ಹುಟ್ಟದೆ ಇರದು.

ತೆರಿಗೆಯ ವಿಷಯದಲ್ಲಿ ನಮ್ಮ ವರ್ತಕರು ಸಾಮಾನ್ಯವಾಗಿ ಕೇಳುವುದು, ಈ ಖರ್ಚನ್ನು ಕಳೆಯಲು ಬರುತ್ತದೆಯೋ ಇಲ್ಲವೋ ಎಂಬುದನ್ನು. ಯಾವ ವರ್ಷದಲ್ಲಿ ಕಳೆಯಬೇಕೆಂಬುದನ್ನು ಕೇಳುವವರು ವಿರಳ. ಆದರೆ ಹಣದ ನಷ್ಟವು ಬಹಳಮಟ್ಟಿಗೆ ಸಂಭವಿಸುವುದು ಈ ಎರಡನೆಯ ಪ್ರಶ್ನೆಯ ಅಲಕ್ಷ್ಯದಿಂದಲೇ. ಹತ್ತು ಲಕ್ಷ ರೂಪಾಯಿಗಳ ಒಂದು ಖರ್ಚು ಈ ವರ್ಷದ ಲೆಕ್ಕದಿಂದ ಜಾರಿ ಮುಂದಿನ ವರ್ಷಕ್ಕೆ ಹೋಯಿತೆಂದಿಟ್ಟುಕೊಳ್ಳೋಣ. ಶೇಕಡಾ 30ರ ದರದಲ್ಲಿ, ಮೇಲ್ತೆರಿಗೆಗಳನ್ನು ಬಿಟ್ಟು, ಮೂರು ಲಕ್ಷ ರೂಪಾಯಿಗಳ ತೆರಿಗೆಯನ್ನು ಒಂದು ವರ್ಷ ಮುಂಚಿತವಾಗಿ ತೆತ್ತಂತಾಯಿತು. ಆ ಮೂರು ಲಕ್ಷವನ್ನು ಬ್ಯಾಂಕಿನಿಂದ ಶೇಕಡಾ 12ರ ಬಡ್ಡಿಗೆ ತಂದಿದ್ದರೆ 36,000 ರೂಪಾಯಿಗಳು ಸುಮ್ಮನೆ ಹೋದವು. ಮುಂದಿನ ವರ್ಷದಲ್ಲಿ ವ್ಯಾಪಾರವು ನಷ್ಟಕ್ಕೆ ಬಿದ್ದರಂತೂ ಆ ಕಡಿತವು ಎಂದಿಗೆ ಪ್ರಯೋಜನಕ್ಕೆ ಬರುವುದೆಂಬುದೇ ಅನಿಶ್ಚಿತ.

ಈ ಪ್ರಶ್ನೆಗೆ ಮೊದಲ ಉತ್ತರವನ್ನು ಕೊಡುವುದು ಲೆಕ್ಕವಿಡುವ ಪದ್ಧತಿ. 1922ರ ಆದಾಯ ತೆರಿಗೆ ಕಾಯ್ದೆಯ 13ನೆಯ ಕಲಮು, ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, ವರ್ತಕನು ನಿಯತವಾಗಿ ಅನುಸರಿಸಿಕೊಂಡು ಬಂದ ಪದ್ಧತಿಯಂತೆಯೇ ಅವನ ಲಾಭವನ್ನು ಎಣಿಸತಕ್ಕದ್ದೆಂದು ವಿಧಿಸಿದ್ದಿತು. 1961ರ ಕಾಯ್ದೆಯ 145ನೆಯ ಕಲಮು ಅದನ್ನೇ ಮುಂದುವರಿಸಿತು. ಪದ್ಧತಿಗಳು ಎರಡು. ಹಣ ಕೈಸೇರಿದಾಗ ಆದಾಯ, ಹಣ ಕೈಬಿಟ್ಟಾಗ ಖರ್ಚು ಎಂಬುದು ನಗದು ಪದ್ಧತಿ. ಹಣ ಬರಲಿ ಬಾರದಿರಲಿ, ಹಕ್ಕು ಹುಟ್ಟಿದಾಗ ಆದಾಯ, ಹೊಣೆ ಹುಟ್ಟಿದಾಗ ಖರ್ಚು ಎಂಬುದು ವಾಣಿಜ್ಯ ಪದ್ಧತಿ. ನಮ್ಮ ಆಡಿಟರುಗಳ ಬಾಯಲ್ಲಿ ಇದು ಮರ್ಕೆಂಟೈಲ್ ಪದ್ಧತಿ. ಹಿಂದೆ ಇವೆರಡನ್ನೂ ಬೆರೆಸಿಕೊಂಡು, ಖರ್ಚನ್ನು ಹೊಣೆ ಹುಟ್ಟಿದೊಡನೆಯೂ ಆದಾಯವನ್ನು ಹಣ ಬಂದಾಗ ಮಾತ್ರವೂ ಬರೆದುಕೊಳ್ಳುವ ಮಿಶ್ರ ಪದ್ಧತಿಯೊಂದು ಪ್ರಚಾರದಲ್ಲಿದ್ದಿತು. ಅದರ ಅನುಕೂಲವೆಲ್ಲವೂ ಒಂದೇ ಪಕ್ಷಕ್ಕೆ ಸಲ್ಲುತ್ತಿದ್ದುದರಿಂದ, 1997-98ರ ಮೌಲ್ಯಮಾಪನ ವರ್ಷದಿಂದ ಅದು ನಿಷಿದ್ಧವಾಯಿತು. ಕಂಪನಿಗಳಿಗೆ ವಾಣಿಜ್ಯ ಪದ್ಧತಿಯು ಕಡ್ಡಾಯ. ಆಯ್ಕೆಯಿರುವುದು ಒಂಟಿ ವ್ಯಾಪಾರಿಗೆ, ಪಾಲುದಾರಿಕೆಗೆ, ವೈದ್ಯ ವಕೀಲರೇ ಮೊದಲಾದ ವೃತ್ತಿವಂತರಿಗೆ.

ಮಣಿಪಾಲದಲ್ಲಿ ಸ್ವಂತ ಚಿಕಿತ್ಸಾಲಯವನ್ನಿಟ್ಟುಕೊಂಡಿರುವ ವೈದ್ಯರೊಬ್ಬರನ್ನು ಭಾವಿಸಿಕೊಳ್ಳಿರಿ. ನಗದು ಪದ್ಧತಿಯು ಅವರಿಗೆ ಹೇಳಿಮಾಡಿಸಿದಂಥದು: ಬಾರದ ಶುಲ್ಕಕ್ಕೆ ತೆರಿಗೆಯನ್ನು ತೆರಬೇಕಾದ ಸಂಕಟವಿಲ್ಲ. ಆದರೆ ಅದೇ ನಿಯಮದಂತೆ, ಮಾರ್ಚ್ ತಿಂಗಳ ಸಂಬಳವನ್ನು ದಾದಿಯರಿಗೆ ಏಪ್ರಿಲ್ 2ರಂದು ಕೊಟ್ಟರೆ ಆ ಸಂಬಳವು ಮುಂದಿನ ವರ್ಷದ ಖರ್ಚಾಗುತ್ತದೆ. ಇವರಿಗೆ ಶುಲ್ಕ ಕೊಡಬೇಕಾದ ಸಂಸ್ಥೆಯು ವಾಣಿಜ್ಯ ಪದ್ಧತಿಯಲ್ಲಿದ್ದರೆ, ಅದು ಮಾರ್ಚ್ 31ರಂದೇ ಆ ಮೊತ್ತವನ್ನು ಖರ್ಚು ಬರೆದು, ಮೂಲದಲ್ಲಿಯೇ ತೆರಿಗೆಯನ್ನು ಮುರಿದುಕೊಂಡು, ಹಣವನ್ನು ಮಾತ್ರ ಮೇ ತಿಂಗಳಲ್ಲಿ ಕಳುಹಿಸಬಹುದು. ಆಗ ಒಂದೇ ಹಣವು ಕೊಡುವವರ ಪಾಲಿಗೆ ಕಳೆದ ವರ್ಷದ್ದು, ಪಡೆಯುವವರ ಪಾಲಿಗೆ ಈ ವರ್ಷದ್ದು. ಮುರಿದುಕೊಂಡ ತೆರಿಗೆಯ ಜಮೆಯನ್ನೂ ಆದಾಯವನ್ನು ತೋರಿಸುವ ವರ್ಷಕ್ಕೇ ಒಯ್ಯಬೇಕೆಂಬುದನ್ನು ಮರೆತರೆ ಇಲಾಖೆಯ ನೋಟೀಸು ಬರುವುದು ನಿಶ್ಚಯ. ಬ್ಯಾಂಕಿನ ಠೇವಣಿಗಳಲ್ಲಿಯೂ ಇದೇ ದ್ವೈತವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮೂರು ವರ್ಷಗಳ ತರುವಾಯ ಪಿಗ್ಮಿ ಠೇವಣಿಯ ಮೂಲಕ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಉಳಿತಾಯವನ್ನು ಕೂಡಿಸಿದ ಸಿಂಡಿಕೇಟ್ ಬ್ಯಾಂಕಿನಂಥ ಸಂಸ್ಥೆಯು, ಠೇವಣಿದಾರರಿಗೆ ಸಲ್ಲಬೇಕಾದ ಬಡ್ಡಿಯನ್ನು ಕೊಡುವ ಮೊದಲೇ ತನ್ನ ಖರ್ಚೆಂದು ಬರೆದುಕೊಳ್ಳುತ್ತಿದ್ದರೆ, ನಗದು ಪದ್ಧತಿಯ ಠೇವಣಿದಾರನಿಗೆ ಆ ಬಡ್ಡಿಯು ಕೈಗೆ ಬಂದ ವರ್ಷದ ಆದಾಯವಷ್ಟೆ.

ವಾಣಿಜ್ಯ ಪದ್ಧತಿಯ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ಬಹಳ ಉದಾರವಾಗಿ ವಿವರಿಸಿದೆ. ಕೇದಾರನಾಥ ಜೂಟ್ ಕಂಪನಿಯ 1971ರ ಪ್ರಕರಣದಲ್ಲಿ, ಮಾರಾಟ ತೆರಿಗೆಯ ಹೊಣೆಯು ಕಾನೂನಿನಿಂದಲೇ ಹುಟ್ಟಿರುವಾಗ, ವರ್ತಕನು ಅದನ್ನು ಪುಸ್ತಕದಲ್ಲಿ ಬರೆಯದಿದ್ದರೂ, ವ್ಯಾಜ್ಯ ಹೂಡಿದ್ದರೂ, ಆ ವರ್ಷವೇ ಕಡಿತಕ್ಕೆ ಅರ್ಹನೆಂದು ತೀರ್ಪಾಯಿತು. ನಮ್ಮ ಬೆಂಗಳೂರಿನ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಪ್ರಕರಣವು 2000ದಲ್ಲಿ ಇದನ್ನು ಮತ್ತೂ ಮುಂದಕ್ಕೊಯ್ದಿತು. ನೌಕರರು ಬಳಸದೆ ಉಳಿಸಿಕೊಂಡ ರಜೆಗೆ ಪ್ರತಿಯಾಗಿ ಮುಂದೆಂದೋ ಕೊಡಬೇಕಾದ ಹಣವನ್ನು ಸಂಸ್ಥೆಯು ಅಂದಾಜು ಮಾಡಿ ಅಂದಿನ ಖರ್ಚೆಂದು ಬರೆದಿದ್ದಿತು. ಹೊಣೆಯು ಆ ವರ್ಷದಲ್ಲಿ ನಿಶ್ಚಿತವಾಗಿ ಹುಟ್ಟಿದ್ದು, ಅದನ್ನು ಯುಕ್ತವಾಗಿ ಅಂದಾಜು ಮಾಡಲು ಸಾಧ್ಯವಿದ್ದರೆ, ಅದರ ಮೊತ್ತವು ತರುವಾಯ ಗೊತ್ತಾಗುವುದಾದರೂ, ಪಾವತಿಯು ತರುವಾಯ ನಡೆಯುವುದಾದರೂ, ಕಡಿತವನ್ನು ಅಲ್ಲಗಳೆಯಲಾಗದೆಂದು ನ್ಯಾಯಾಲಯವು ಹೇಳಿತು. ಕರ್ನಾಟಕದ ನೆಲದಿಂದ ಹೊರಟ ವ್ಯಾಜ್ಯವೊಂದು ಇಡೀ ದೇಶದ ಲೆಕ್ಕಶಾಸ್ತ್ರಕ್ಕೆ ಸೂತ್ರವಾಯಿತೆಂಬುದನ್ನು ಅಭಿಮಾನದಿಂದ ಸ್ಮರಿಸತಕ್ಕದ್ದು.

ಆದರೆ ನ್ಯಾಯಾಲಯವು ತೆರೆದ ಬಾಗಿಲುಗಳನ್ನು ಸಂಸತ್ತು ಒಂದೊಂದಾಗಿ ಮುಚ್ಚುತ್ತ ಬಂದಿದೆ. ಮಾರಾಟ ತೆರಿಗೆಯನ್ನೂ ನೌಕರರ ಭವಿಷ್ಯನಿಧಿಯನ್ನೂ ಖರ್ಚು ಬರೆದು ತೆರಿಗೆಯಲ್ಲಿ ಲಾಭ ಪಡೆದು, ಹಣವನ್ನು ಮಾತ್ರ ವರ್ಷಗಟ್ಟಲೆ ಕಟ್ಟದೆ ತಮ್ಮಲ್ಲಿಯೇ ಇರಿಸಿಕೊಳ್ಳುವ ಉದ್ಯಮಗಳು ಹೆಚ್ಚಿದುದರಿಂದ, 1983ರ ಹಣಕಾಸು ಕಾಯ್ದೆಯು 43ಬಿ ಎಂಬ ಕಲಮನ್ನು ಸೇರಿಸಿತು. ಇದರ ಪ್ರಕಾರ ಕೆಲವು ಖರ್ಚುಗಳ ಮಟ್ಟಿಗೆ ಪದ್ಧತಿಯು ಯಾವುದೇ ಇರಲಿ, ಹಣವನ್ನು ನಿಜವಾಗಿ ಕಟ್ಟಿದಾಗಲೇ ಕಡಿತ. ಸರಕಾರಕ್ಕೆ ಸಲ್ಲುವ ತೆರಿಗೆ ಸುಂಕಗಳು, ಭವಿಷ್ಯನಿಧಿಗೆ ಮಾಲಿಕನ ವಂತಿಗೆ, ಬೋನಸ್ಸು, ಬ್ಯಾಂಕಿನ ಬಡ್ಡಿ ಇವೆಲ್ಲವೂ ಕ್ರಮೇಣ ಈ ಪಟ್ಟಿಗೆ ಬಂದವು. ಭಾರತ್ ಅರ್ತ್ ಮೂವರ್ಸ್ ತೀರ್ಪು ಹೊರಬಿದ್ದ ಮರುವರ್ಷವೇ ರಜೆಯ ಹಣವನ್ನೂ ಅದಕ್ಕೆ ಸೇರಿಸಲಾಯಿತು. ಕಲ್ಕತ್ತೆಯ ಉಚ್ಚ ನ್ಯಾಯಾಲಯವು ಆ ಸೇರ್ಪಡೆಯನ್ನು ರದ್ದುಗೊಳಿಸಿದರೂ, 2020ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಕ್ಸೈಡ್ ಸಂಸ್ಥೆಯ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಮಾತು ಕೊಟ್ಟರೆ ಸಾಲದು, ಹಣ ಕೊಡಬೇಕು ಎಂಬುದೇ ಕಳೆದ ನಾಲ್ಕು ದಶಕಗಳ ತೆರಿಗೆ ಶಾಸನದ ದಿಕ್ಕು. ಈ ದಿಕ್ಕು ಒಟ್ಟಿನಲ್ಲಿ ಧರ್ಮಸಮ್ಮತವಾದುದೆಂಬುದೇ ನನ್ನ ಅಭಿಪ್ರಾಯ. ಅದು ಎಲ್ಲಿ ಕಠೋರವಾಗುತ್ತದೆಂಬುದನ್ನೂ ಹೇಳದೆ ಬಿಡುವಂತಿಲ್ಲ.

ಕಾರ್ಕಳದ ಕಡೆಯ ಗೇರುಬೀಜದ ಕಾರ್ಖಾನೆಯೊಂದನ್ನು ತೆಗೆದುಕೊಂಡರೆ ಈ ನಿಯಮಗಳೆಲ್ಲವೂ ಒಂದೇ ಮಾಡಿನ ಕೆಳಗೆ ಕಾಣಸಿಗುತ್ತವೆ. ಮಾರ್ಚ್ ತಿಂಗಳಲ್ಲಿ ನಲವತ್ತು ಲಕ್ಷ ರೂಪಾಯಿಗಳ ಹಸಿ ಬೀಜವನ್ನು ಕೊಂಡು, ಒಣಗಿಸಿ, ಗೋದಾಮಿನಲ್ಲಿ ತುಂಬಿಸಿಟ್ಟ ಮಾಲಿಕನು, ಹಣವೆಲ್ಲವೂ ಕೈಬಿಟ್ಟು ಹೋದುದರಿಂದ ಅದು ಈ ವರ್ಷದ ಖರ್ಚೆಂದು ನಂಬಿದ್ದರೆ ನಿರಾಶನಾಗುವನು. ಮಾರ್ಚ್ 31ರಂದು ಗೋದಾಮಿನಲ್ಲಿ ಉಳಿದ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದರಲ್ಲಿ ಕಟ್ಟಿ ಲೆಕ್ಕಕ್ಕೆ ಮರಳಿ ಸೇರಿಸಬೇಕಾಗಿರುವುದರಿಂದ, ಬೀಜವು ತಿರುಳಾಗಿ ಮಾರಾಟವಾಗುವ ವರ್ಷಕ್ಕೇ ಅದರ ಖರ್ಚು ಸಲ್ಲುತ್ತದೆ. ದಾಸ್ತಾನಿನ ಬೆಲೆಯು ಕುಸಿದಿದ್ದರೆ ಆ ನಷ್ಟವನ್ನು ಮಾರುವ ಮೊದಲೇ ಪಡೆಯಬಹುದೆಂಬುದು, ಸರ್ವೋಚ್ಚ ನ್ಯಾಯಾಲಯವು ಚೈನರೂಪ ಸಂಪತರಾಮ ಪ್ರಕರಣದಲ್ಲಿ 1953ರಷ್ಟು ಹಿಂದೆಯೇ ವಿವರಿಸಿದ ತತ್ತ್ವ. ಈ ಕಾರಣದಿಂದ ಮಾರ್ಚ್ 31ರ ದಾಸ್ತಾನು ಎಣಿಕೆಯು ಕಾರ್ಖಾನೆಯ ಗುಮಾಸ್ತನಿಗೆ ವಹಿಸಿ ಮರೆಯತಕ್ಕ ಕೆಲಸವಲ್ಲ. ವರ್ಷದ ಲಾಭವು ಅದರ ಮೇಲೆಯೇ ನಿಂತಿರುತ್ತದೆ.

ಅದೇ ಕಾರ್ಖಾನೆಯ ಹೆಂಗಸರಿಗೆ ಕೊಡುವ ಬೋನಸ್ಸಿನ ಮಾತು ಇನ್ನೂ ಸೂಕ್ಷ್ಮವಾದುದು. ವರ್ಷವು ಮಾರ್ಚಿಗೆ ಮುಗಿದರೂ ಬೋನಸ್ಸು ಕೈಸೇರುವುದು ಹಬ್ಬದ ಹೊತ್ತಿಗೆ. ವಿವರಪಟ್ಟಿಯನ್ನು ಸಲ್ಲಿಸಲು ನಿಗದಿಯಾದ ಕೊನೆಯ ದಿನದೊಳಗೆ ಕೊಟ್ಟರೆ, 43ಬಿ ಕಲಮು ಅದನ್ನು ಹಿಂದಿನ ವರ್ಷದ ಖರ್ಚೆಂದೇ ಅಂಗೀಕರಿಸುತ್ತದೆ. ಆಡಿಟ್ ಆಗಬೇಕಾದ ವ್ಯವಹಾರಗಳಿಗೆ ಆ ದಿನವು ಸಾಮಾನ್ಯವಾಗಿ ಅಕ್ಟೋಬರ್ 31. ನರಕ ಚತುರ್ದಶಿಯು 2025ರಲ್ಲಿ ಅಕ್ಟೋಬರ್ 20ರಂದು ಬಂದಿತು, ತೊಂದರೆಯಿಲ್ಲ. 2023ರಲ್ಲಾದರೋ ಅದು ನವೆಂಬರ್ 12ರಂದು ಬಂದಿತು. ಆ ವರ್ಷ ಹಬ್ಬದ ಮುನ್ನಾದಿನ ಸಂತೋಷದಿಂದ ಬೋನಸ್ಸು ಹಂಚಿದ ಮಾಲಿಕನು, ಹನ್ನೊಂದು ದಿನಗಳ ಅಂತರದಿಂದ, ಆ ಇಡೀ ಕಡಿತವನ್ನು ಒಂದು ವರ್ಷ ಮುಂದಕ್ಕೆ ನೂಕಿದಂತಾಯಿತು. ದೀಪಾವಳಿಯು ನವೆಂಬರಿನಲ್ಲಿ ಬೀಳುವ ವರ್ಷಗಳಲ್ಲಿ ಅಕ್ಟೋಬರಿನಲ್ಲಿಯೇ ಬೋನಸ್ಸನ್ನು ಕೊಟ್ಟರೆ ಮಾಲಿಕನಿಗೆ ತೆರಿಗೆಯ ಅನುಕೂಲ, ಕೆಲಸದ ಹೆಂಗಸರಿಗೆ ಹಬ್ಬದ ಬಟ್ಟೆಬರೆ ಕೊಳ್ಳಲು ಹದಿನೈದು ದಿನಗಳ ಬಿಡುವು.

ಬ್ಯಾಂಕಿನ ಬಡ್ಡಿಯಲ್ಲಿ ಮತ್ತೊಂದು ಭ್ರಮೆಯಿದೆ. ಕಟ್ಟಲಾಗದ ಬಡ್ಡಿಯನ್ನು ಬ್ಯಾಂಕು ಹೊಸ ಸಾಲವನ್ನಾಗಿ ಪರಿವರ್ತಿಸಿಕೊಟ್ಟರೆ, ಪುಸ್ತಕದಲ್ಲಿ ಬಡ್ಡಿ ತೀರಿ ಅಸಲು ಹೆಚ್ಚಿದಂತೆ ಕಾಣುವುದರಿಂದ, ಅನೇಕರು ಅದನ್ನು ಪಾವತಿಯೆಂದು ಭಾವಿಸುತ್ತಾರೆ. ಅದು ಪಾವತಿಯಲ್ಲವೆಂದು 2006ರ ಹಣಕಾಸು ಕಾಯ್ದೆಯು ಪೂರ್ವಾನ್ವಯವಾಗುವಂತೆ ವಿಶದಪಡಿಸಿತು. ಆ ಹೊಸ ಸಾಲವನ್ನು ತೀರಿಸುತ್ತ ಹೋದಂತೆ ಕಡಿತವು ದೊರೆಯುತ್ತದೆ. ಇದು ನ್ಯಾಯವೇ. ಆದರೆ ನೌಕರರ ಸಂಬಳದಿಂದ ಮುರಿದುಕೊಂಡ ಭವಿಷ್ಯನಿಧಿಯ ಪಾಲನ್ನು ಮುಂದಿನ ತಿಂಗಳ 15ರೊಳಗೆ ಕಟ್ಟದೆ 16ರಂದು ಕಟ್ಟಿದರೆ, ಆ ಕಡಿತವು ಮುಂದಿನ ವರ್ಷಕ್ಕೂ ಹೋಗದೆ ಶಾಶ್ವತವಾಗಿ ಇಲ್ಲವಾಗುವುದೆಂದು 1961ರ ಕಾಯ್ದೆಯನ್ನು ಅರ್ಥೈಸಿ 2022ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಕೊಟ್ಟ ತೀರ್ಪು, ಶಾಸನದ ಅಕ್ಷರಕ್ಕೆ ಸರಿಯಾದುದಾದರೂ, ತಪ್ಪಿಗಿಂತ ಶಿಕ್ಷೆಯು ಬಹಳ ದೊಡ್ಡದೆನ್ನಿಸುತ್ತದೆ. ನೌಕರನ ಹಣವನ್ನು ಇಟ್ಟುಕೊಂಡವನನ್ನು ಬಡ್ಡಿ ದಂಡಗಳಿಂದ ದಂಡಿಸಲಿ. ಒಂದು ದಿನ ತಡವಾಗಿ ಆದರೂ ಕೊಟ್ಟ ಹಣವನ್ನು ಕೊಟ್ಟೇ ಇಲ್ಲವೆಂದು ಎಣಿಸುವುದು ಯುಕ್ತವಲ್ಲ.

ಯಂತ್ರಗಳ ಸವಕಳಿಯಲ್ಲಿ ಕಾಲದ ಗಣನೆಯು ದಿನದ ಲೆಕ್ಕಕ್ಕೇ ಇಳಿಯುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದ ಹೊಸ ಯಂತ್ರಕ್ಕೆ ಆ ವರ್ಷ ಅರ್ಧ ಸವಕಳಿ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ, ಅಧಿಕ ದಿನವಿಲ್ಲದ ವರ್ಷದಲ್ಲಿ ಅಕ್ಟೋಬರ್ 3 ಎಂಬುದು ಗಡಿ. ನಮ್ಮಲ್ಲಿ ಹೊಸ ಯಂತ್ರಕ್ಕೆ ವಿಜಯದಶಮಿಯಂದೇ ಚಾಲನೆ ಕೊಡುವ ಪದ್ಧತಿಯುಂಟಷ್ಟೆ. 2025ರ ವಿಜಯದಶಮಿ ಅಕ್ಟೋಬರ್ 2ರಂದು ಬಂದುದರಿಂದ, ಅಂದು ಚಾಲನೆಗೊಂಡ ಹದಿನೈದು ಲಕ್ಷದ ಐಸ್ ಪ್ಲಾಂಟ್ ಯಂತ್ರಕ್ಕೆ ಶೇಕಡಾ 15ರಂತೆ 2,25,000 ರೂಪಾಯಿಗಳ ಸವಕಳಿ ದೊರೆಯಿತು. 2024ರಲ್ಲಿ ಅಕ್ಟೋಬರ್ 12ರ ವಿಜಯದಶಮಿಯಂದು ಚಾಲನೆಗೊಂಡ ಅದೇ ಬೆಲೆಯ ಯಂತ್ರಕ್ಕೆ 1,12,500 ಮಾತ್ರ. ಉಳಿದುದು ನಷ್ಟವಾಗದೆ ಮುಂದಿನ ವರ್ಷಗಳಿಗೆ ಹರಿಯುತ್ತದೆ, ನಿಜ. ಆದರೂ ಯಂತ್ರವು ಸೆಪ್ಟೆಂಬರಿನಲ್ಲಿಯೇ ಸಿದ್ಧವಾಗಿದ್ದರೆ, ಮತ್ತೊಂದು ಶುಭದಿನವನ್ನು ಹುಡುಕಲು ಪುರೋಹಿತರು ಅಡ್ಡಿ ಹೇಳಲಾರರು.

ಬ್ಯಾಂಕುಗಳ ವಸೂಲಾಗದ ಸಾಲದ ವಿಷಯದಲ್ಲಿ ಕರಾವಳಿಯ ಮತ್ತೊಂದು ಹೆಸರು ಬರುತ್ತದೆ. ಮಂಗಳೂರಿನಲ್ಲಿ 1931ರಲ್ಲಿ ಸ್ಥಾಪನೆಗೊಂಡ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಪ್ರತಿಯೊಬ್ಬ ಸಾಲಗಾರನ ಖಾತೆಯನ್ನೂ ಮುಚ್ಚಬೇಕಾಗಿಲ್ಲ, ಲಾಭನಷ್ಟದ ಪಟ್ಟಿಯಲ್ಲಿ ಖರ್ಚು ಬರೆದು ಆಸ್ತಿಯ ಬದಿಯಲ್ಲಿ ಸಾಲಗಳ ಮೊತ್ತವನ್ನು ಅಷ್ಟೇ ತಗ್ಗಿಸಿದರೆ ಸಾಲವನ್ನು ತೊಡೆದುಹಾಕಿದಂತೆಯೇ ಎಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಚಿಕ್ಕ ವರ್ತಕನಿಗೂ ಇದರಲ್ಲಿ ಪಾಠವುಂಟು: ಬಾರದ ಬಾಕಿಯನ್ನು ಪುಸ್ತಕದಲ್ಲಿ ತೊಡೆದುಹಾಕಿದ ವರ್ಷದಲ್ಲಿಯೇ ಕಡಿತ, ಮನಸ್ಸಿನಲ್ಲಿ ಮಾತ್ರ ಕೈಬಿಟ್ಟ ಬಾಕಿಗೆ ಯಾವ ವರ್ಷವೂ ಇಲ್ಲ.

ಈ ಗೊಡವೆಯೇ ಬೇಡವೆನ್ನುವ ಜಿನಸು ಅಂಗಡಿಯವನಿಗೆ 44ಎಡಿ ಕಲಮಿನ ಅಂದಾಜು ಲಾಭದ ಮಾರ್ಗವಿದ್ದಿತು. ವಹಿವಾಟಿನ ಶೇಕಡಾ 8, ಬ್ಯಾಂಕಿನ ಮೂಲಕ ಬಂದುದಕ್ಕೆ ಶೇಕಡಾ 6, ಇಷ್ಟನ್ನು ಲಾಭವೆಂದು ತೋರಿಸಿದರೆ ಖರ್ಚುಗಳೆಲ್ಲವೂ ಕಳೆದವೆಂದೇ ಭಾವನೆ. ನೆಮ್ಮದಿಯ ಮಾರ್ಗವೇ ಸರಿ, ಆದರೆ ಲಾಭವು ಅದಕ್ಕಿಂತ ಕಡಿಮೆಯಾದ ವರ್ಷದಲ್ಲಿ ನೆಮ್ಮದಿಗೆ ಬೆಲೆ ತೆರಬೇಕು.

ಇನ್ನು ನನಗೆ ಅತ್ಯಂತ ಮುಖ್ಯವೆನ್ನಿಸುವ ವಿಷಯ. 2023ರ ಹಣಕಾಸು ಕಾಯ್ದೆಯು 43ಬಿ ಕಲಮಿಗೆ ಹೊಸ ಖಂಡವೊಂದನ್ನು ಸೇರಿಸಿ, ಅತಿ ಚಿಕ್ಕ ಹಾಗೂ ಚಿಕ್ಕ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು 2006ರ ಸಣ್ಣ ಉದ್ಯಮಗಳ ಕಾಯ್ದೆಯ ವಾಯಿದೆಯೊಳಗೆ ಕೊಡದಿದ್ದರೆ, ಕೊಟ್ಟ ವರ್ಷದಲ್ಲಿಯೇ ಕಡಿತವೆಂದು ವಿಧಿಸಿತು. ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಕಾಪುವಿನಲ್ಲಿ ಮೀನಿನ ಪೆಟ್ಟಿಗೆಗಳನ್ನು ತಯಾರಿಸುವ ಚಿಕ್ಕ ಘಟಕವೊಂದು, ಮಲ್ಪೆಯ ರಫ್ತು ಸಂಸ್ಥೆಯೊಂದಕ್ಕೆ ಮಾರ್ಚ್ 25ರಂದು ಎಂಟು ಲಕ್ಷ ರೂಪಾಯಿಗಳ ಸರಕನ್ನು ಒಪ್ಪಿಸಿತೆಂದು ಭಾವಿಸೋಣ. 45 ದಿನಗಳ ಒಪ್ಪಂದವಿದ್ದು, ಮೇ 9ರೊಳಗೆ ಹಣವು ಸಂದಾಯವಾದರೆ, ರಫ್ತು ಸಂಸ್ಥೆಗೆ ಮಾರ್ಚಿನ ವರ್ಷದಲ್ಲಿಯೇ ಕಡಿತ. ಮೇ 20ರಂದು ಕೊಟ್ಟರೆ ಕಡಿತವು ಮುಂದಿನ ವರ್ಷಕ್ಕೆ. ಬೋನಸ್ಸಿಗಿರುವಂತೆ ವಿವರಪಟ್ಟಿಯ ದಿನದವರೆಗಿನ ರಿಯಾಯಿತಿ ಇಲ್ಲಿಲ್ಲ. ಒಪ್ಪಂದವೇ ಇಲ್ಲದಿದ್ದರೆ ಗಡಿಯು ಏಪ್ರಿಲ್ 9. ತಡವಾದುದಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಬೇರೆ, ಆ ಬಡ್ಡಿಗೆ ಎಂದಿಗೂ ಕಡಿತವಿಲ್ಲ.

ದೊಡ್ಡ ಖರೀದಿದಾರರ ಬಾಕಿಯಿಂದ ಚಿಕ್ಕ ಘಟಕಗಳು ಹೇಗೆ ಬತ್ತಿಹೋಗುತ್ತವೆಂಬುದನ್ನು ಕಣ್ಣಾರೆ ಕಂಡವರು ಈ ನಿಯಮವನ್ನು ಸ್ವಾಗತಿಸದಿರಲಾರರು. ಪೆಟ್ಟಿಗೆಯ ಘಟಕದವನು ಮರಕ್ಕೆ, ಮೊಳೆಗೆ, ಕೂಲಿಗೆ ನಗದನ್ನೇ ಕೊಟ್ಟಿರುತ್ತಾನೆ. ಅವನ ಆರು ತಿಂಗಳ ಬಾಕಿಯೆಂದರೆ ದೊಡ್ಡವನಿಗೆ ಸಿಕ್ಕಿದ ಬಡ್ಡಿಯಿಲ್ಲದ ಸಾಲ. ಆದರೆ ನಿಯಮದ ವ್ಯಾಪ್ತಿಯಲ್ಲಿ ಒಂದು ಕೊರತೆಯಿದೆ. ತಯಾರಕರಿಗೂ ಸೇವೆ ಒದಗಿಸುವವರಿಗೂ ಇರುವ ಈ ರಕ್ಷಣೆಯು ಬರಿಯ ವ್ಯಾಪಾರಿಗೆ ಇಲ್ಲ; 2021ರಲ್ಲಿ ಚಿಲ್ಲರೆ ಹಾಗೂ ಸಗಟು ವ್ಯಾಪಾರಿಗಳಿಗೆ ನೋಂದಣಿಯು ದೊರೆತುದು ಬ್ಯಾಂಕ್ ಸಾಲದ ಆದ್ಯತೆಗಾಗಿ ಮಾತ್ರ. ಹೀಗಾಗಿ ಚಿಕ್ಕ ಹಾರ್ಡ್‌ವೇರ್ ವ್ಯಾಪಾರಿಯು ತಯಾರಕನಿಗೆ 45 ದಿನಗಳಲ್ಲಿ ಕೊಡಬೇಕು, ತನಗೆ ಬರಬೇಕಾದುದಕ್ಕೆ ಮಾತ್ರ ಮಿತಿಯಿಲ್ಲದೆ ಕಾಯಬೇಕು. ನಡುವೆ ಸಿಲುಕಿದ ಈತನಿಗೂ ರಕ್ಷಣೆಯನ್ನು ವಿಸ್ತರಿಸುವುದು ಸರಕಾರದ ಕರ್ತವ್ಯ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆಯು ಜಾರಿಗೆ ಬಂದು, ಕಲಮುಗಳ ಸಂಖ್ಯೆಗಳು ಬದಲಾಗಿ, ಹಿಂದಿನ ವರ್ಷ, ಮೌಲ್ಯಮಾಪನ ವರ್ಷಗಳೆಂಬ ಭೇದವು ಅಳಿದು, ತೆರಿಗೆ ವರ್ಷವೆಂಬ ಒಂದೇ ಹೆಸರು ಬಂದಿದೆ. ಎರಡು ಪದ್ಧತಿಗಳೂ, ಕಟ್ಟಿದಾಗಲೇ ಕಡಿತವೆಂಬ ತತ್ತ್ವವೂ ಹಾಗೆಯೇ ಮುಂದುವರಿದಿವೆ. ಆದುದರಿಂದ ಉಡುಪಿ, ಕಾಪು, ಕಾರ್ಕಳಗಳ ಉದ್ಯಮಿಗಳಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಆಡಿಟರರ ಬಳಿಗೆ ಮಾರ್ಚ್ ಕಳೆದ ಮೇಲೆ ಹೋಗುವ ಬದಲು ಸೆಪ್ಟೆಂಬರಿನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಹೋಗಿರಿ, ನಿಮಗೆ ಸರಕು ಕೊಡುವವರಲ್ಲಿ ಚಿಕ್ಕ ಉದ್ಯಮವೆಂದು ನೋಂದಣಿ ಮಾಡಿಸಿಕೊಂಡವರು ಯಾರು ಯಾರೆಂದು ಕೇಳಿ ಪಟ್ಟಿ ಮಾಡಿಸಿರಿ, ಅವರೊಡನೆ ಲಿಖಿತ ಒಪ್ಪಂದವನ್ನು ಮಾಡಿಕೊಳ್ಳಿರಿ, ಮತ್ತು ವಾಯಿದೆಗಾಗಿ ಕಾಯದೆ, ಸಾಧ್ಯವಾದಷ್ಟೂ ಮಾರ್ಚ್ 31ರೊಳಗೆ ಅವರ ಬಿಲ್ಲುಗಳನ್ನು ತೀರಿಸಿಬಿಡಿರಿ.